ಗೇಟಿನ ಹೊರಗಿನ ಜಾಗ ಯಾರದ್ದು?

ಪುಣೆಯ ಹಳೆಯ ಬಡಾವಣೆಗಳಲ್ಲಿ ಒಂದು ಸುತ್ತು ಹಾಕಿದರೆ ಮನೆಯ ಹೆಸರಿಗಿಂತ ದೊಡ್ಡ ಅಕ್ಷರಗಳಲ್ಲಿ ಕಾಣುವುದು ‘ಗೇಟಿನ ಮುಂದೆ ಗಾಡಿ ನಿಲ್ಲಿಸಬಾರದು’ ಎಂಬ ಫಲಕ. ಕೆಲವರು ಅದರ ಕೆಳಗೆ ‘ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು’ ಎಂದೂ ಸೇರಿಸಿರುತ್ತಾರೆ. ‘ಪುಣೇರಿ ಪಾಟಿ’ ಎಂದೇ ಹೆಸರಾದ ಈ ಬರಹಗಳ ಫೋಟೊ ತೆಗೆದು ಊರಿನವರಿಗೆ ಕಳಿಸಿ ನಾವು ನಗುತ್ತೇವೆ. ಕೊಥ್ರೂಡ್‌ನ ಬಾಡಿಗೆ ಮನೆಗೆ ಬಂದ ಮೊದಲ ವರ್ಷ, ಒಂದು ಬೆಳಿಗ್ಗೆ ನನ್ನ ಕೆಎ 25 ಕಾರಿನ ಎರಡು ಟೈರುಗಳಲ್ಲಿ ಗಾಳಿಯೇ ಇರಲಿಲ್ಲ. ಕಾರು ಯಾರ ಗೇಟಿಗೂ ಅಡ್ಡವಿರಲಿಲ್ಲ. ಎದುರು ಮನೆಯ ಕಾಂಪೌಂಡ್ ಗೋಡೆಯ ಪಕ್ಕ, ರಸ್ತೆಯ ಅಂಚಿನಲ್ಲಿತ್ತು. ವಿಚಾರಿಸಿದಾಗ ಆ ಮನೆಯ ಕಾಕಾ ಸಮಾಧಾನದಿಂದಲೇ ಹೇಳಿದರು: ‘ಗಾಳಿ ಯಾರು ತೆಗೆದರೋ ಗೊತ್ತಿಲ್ಲ. ಆದರೆ ಇಪ್ಪತ್ತು ವರ್ಷದಿಂದ ಅಲ್ಲಿ ನಮ್ಮ ಗಾಡಿ ನಿಲ್ಲುತ್ತದೆ. ನೀವು ಬಾಡಿಗೆಯವರು, ನಿಮಗೆ ಗೊತ್ತಿರಲಿಕ್ಕಿಲ್ಲ.’

ನನ್ನ ಜಗಳ ಅಲ್ಲಿಗೆ ಮುಗಿಯಿತು. ಎಲ್ಲರದೂ ಹಾಗೆ ಮುಗಿಯುವುದಿಲ್ಲ. 2025ರ ಮಾರ್ಚ್‌ನಲ್ಲಿ ಮೊಹಾಲಿಯಲ್ಲಿ ಹೊರ ರಾಜ್ಯದಿಂದ ಬಂದು ಬಾಡಿಗೆ ಮನೆಯಲ್ಲಿದ್ದ ಯುವ ವಿಜ್ಞಾನಿಯೊಬ್ಬರು ಬೈಕ್ ನಿಲುಗಡೆಯ ವಿಷಯಕ್ಕೆ ನೆರೆಯವರೊಂದಿಗೆ ನಡೆದ ಗಲಾಟೆಯಲ್ಲಿ ಪ್ರಾಣ ಕಳೆದುಕೊಂಡರು. ಅದೇ ವರ್ಷ ಆಗಸ್ಟ್‌ನಲ್ಲಿ ದೆಹಲಿಯ ಭೋಗಲ್‌ನಲ್ಲಿ ಮನೆ ಬಾಗಿಲ ಮುಂದಿನ ಸ್ಕೂಟರ್ ತೆಗೆಯಿರಿ ಎಂದ ಮಾತು ಕೊಲೆಯವರೆಗೆ ಹೋಯಿತು. ಇಂಥ ಸುದ್ದಿ ಬಂದಾಗ ‘ಜನರಿಗೆ ತಾಳ್ಮೆಯೇ ಇಲ್ಲ’ ಎಂದು ಹೇಳಿ ಸುಮ್ಮನಾಗುತ್ತೇವೆ. ತಾಳ್ಮೆ ಕಡಿಮೆಯಾಗಿರಬಹುದು. ಆದರೆ ಅದಕ್ಕಿಂತ ಮುಖ್ಯ ಕಾರಣ ಬೇರೆಯಿದೆ: ಗೇಟಿನ ಹೊರಗಿನ ಜಾಗವನ್ನು ಹಂಚುವ ನಿಯಮವೇ ನಮ್ಮ ನಗರಗಳಲ್ಲಿಲ್ಲ. ನಿಯಮವಿಲ್ಲದ ಕಡೆ ಮೊದಲು ಬಂದವರ, ದೊಡ್ಡ ದನಿಯವರ ಮಾತು ನಡೆಯುತ್ತದೆ.

ಕಾನೂನು ಒಂದು ಹಂತದವರೆಗೆ ಸ್ಪಷ್ಟವಾಗಿದೆ. ಪಾದಚಾರಿ ಮಾರ್ಗದ ಮೇಲೆ, ಇನ್ನೊಬ್ಬರ ಪ್ರವೇಶದ್ವಾರಕ್ಕೆ ಅಡ್ಡವಾಗಿ, ಮತ್ತೊಂದು ವಾಹನಕ್ಕೆ ತಡೆಯಾಗುವಂತೆ ನಿಲ್ಲಿಸುವಂತಿಲ್ಲ. ಅಂದರೆ ಕಾಕಾ ಅವರಿಗೆ ಗೇಟಿನ ಅಗಲದಷ್ಟು ದಾರಿ ಕೇಳುವ ಹಕ್ಕಿದೆ. ಗೋಡೆಯ ಉದ್ದದಷ್ಟು ರಸ್ತೆಯ ಮೇಲೆ ಇಲ್ಲ. ಮನೆಯ ಪತ್ರದಲ್ಲಿ ನಿವೇಶನದ ಅಳತೆ ಇರುತ್ತದೆ, ರಸ್ತೆಯದ್ದು ಇರುವುದಿಲ್ಲ. ಹೂಕುಂಡ, ಕಲ್ಲು, ಮುರಿದ ಕುರ್ಚಿ ಇಟ್ಟು ಜಾಗ ಹಿಡಿಯುವುದೂ ಒತ್ತುವರಿಯೇ.

ಗೇಟಿನ ಒಳಗೆ ಪರಿಸ್ಥಿತಿ ಎಷ್ಟೋ ವಾಸಿ. ತೆರೆದ ಜಾಗವನ್ನಾಗಲಿ ಕಟ್ಟಡದಡಿಯ ಸ್ಟಿಲ್ಟ್ ಪಾರ್ಕಿಂಗನ್ನಾಗಲಿ ಬಿಲ್ಡರ್ ಪ್ರತ್ಯೇಕವಾಗಿ ಮಾರುವಂತಿಲ್ಲ ಎಂದು ಮುಂಬೈನ ಪಾಂಚಾಲಿ ಸೊಸೈಟಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಜಾಗಕ್ಕಿಂತ ಗಾಡಿ ಹೆಚ್ಚಿದ್ದರೆ ಚೀಟಿ ಎತ್ತಿ ಹಂಚುವ ಕ್ರಮ ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಉಪವಿಧಿಗಳಲ್ಲಿದೆ. ಅಲ್ಲಿಯೂ ಗೊಣಗಾಟವಿದೆ, ಆದರೆ ಅದು ಸಭೆಯಲ್ಲಿ ನಡೆಯುತ್ತದೆ, ಬೀದಿಯಲ್ಲಲ್ಲ.

ಬೀದಿಯ ಲೆಕ್ಕ ಮಾತ್ರ ಪ್ರತಿ ವರ್ಷ ಬಿಗಡಾಯಿಸುತ್ತಿದೆ. ಪುಣೆಯಲ್ಲಿ ವಾಹನಗಳ ಸಂಖ್ಯೆ 36 ಲಕ್ಷ ದಾಟಿ ಜನಸಂಖ್ಯೆಯನ್ನೇ ಮೀರಿತು ಎಂದು ಸಾರಿಗೆ ಇಲಾಖೆಯ ಲೆಕ್ಕ 2018ರಲ್ಲೇ ಹೇಳಿತ್ತು. ಒಂದು ಕುಟುಂಬವಿದ್ದ ಬಂಗಲೆ ಕೆಡವಿ ಎಂಟು ಹತ್ತು ಫ್ಲ್ಯಾಟ್ ಕಟ್ಟುತ್ತಾರೆ. ಮುಂದಿನ ರಸ್ತೆ ಅಷ್ಟೇ ಅಗಲ. ದೆಹಲಿಯ ಮಾಸ್ಟರ್ ಪ್ಲಾನ್ ಬಯಲಿನಲ್ಲಿ ಒಂದು ಕಾರು ನಿಲ್ಲಲು, ತಿರುಗುವ ಜಾಗವೂ ಸೇರಿ, 23 ಚದರ ಮೀಟರ್ ಲೆಕ್ಕ ಹಿಡಿಯುತ್ತದೆ. ಅದು ಸುಮಾರು 250 ಚದರ ಅಡಿ, ಒಂದು ಸಣ್ಣ ಬಾಡಿಗೆ ಮನೆಯಷ್ಟು. ಅಷ್ಟು ಜಾಗ ಬೀದಿಯಲ್ಲಿ ಬಿಟ್ಟಿ ಸಿಗುವಾಗ ಎರಡನೇ ಕಾರು ಕೊಳ್ಳಲು ಯಾರೂ ಹಿಂದೆಮುಂದೆ ನೋಡುವುದಿಲ್ಲ.

ಇದನ್ನು ಸರಿಪಡಿಸಲು ನಗರಗಳು ಯತ್ನಿಸಿಲ್ಲವೆಂದಲ್ಲ. ಪುಣೆ ಮಹಾನಗರಪಾಲಿಕೆ 2018ರಲ್ಲಿ ರಸ್ತೆಬದಿಯ ನಿಲುಗಡೆಗೆ ಶುಲ್ಕ ವಿಧಿಸುವ ನೀತಿ ತಂದಿತು. ವಿರೋಧ ಎದ್ದೊಡನೆ ಅದನ್ನು ಐದು ರಸ್ತೆಗಳ ಪ್ರಯೋಗಕ್ಕೆ ಇಳಿಸಿದರು. ಅದೂ ವರ್ಷಗಟ್ಟಲೆ ಜಾರಿಯಾಗಲಿಲ್ಲ. ಬೆಂಗಳೂರಿನ ಪಾರ್ಕಿಂಗ್ ನೀತಿ 2.0 ಮನೆ ಹತ್ತಿರದ ರಸ್ತೆಯಲ್ಲಿ ಕಾರು ನಿಲ್ಲಿಸಲು ವರ್ಷಕ್ಕೆ 1,000ದಿಂದ 5,000 ರೂಪಾಯಿಯ ಪರ್ಮಿಟ್ ಸೂಚಿಸಿತ್ತು. ಅದೂ ಬೇರೂರಲಿಲ್ಲ. ಎರಡೂ ಕಡೆ ಕೇಳಿಬಂದ ವಾದ ಒಂದೇ: ‘ರಸ್ತೆ ತೆರಿಗೆ ಕಟ್ಟಿದ್ದೇವಲ್ಲ?’ ಆದರೆ ಆ ತೆರಿಗೆ ಗಾಡಿ ಓಡಿಸಲು. ಸಾರ್ವಜನಿಕ ಜಾಗವನ್ನು ರಾತ್ರಿ ಹಗಲು ಹಿಡಿದಿಟ್ಟುಕೊಳ್ಳಲು ಅಲ್ಲ. ಹಾಗೆಂದು ಗೆರೆ ಬಳಿಯದೆ, ಬಸ್ ಹೆಚ್ಚಿಸದೆ ಬರೀ ವಸೂಲಿಗೆ ಇಳಿದರೆ ಜನ ಒಪ್ಪುವುದಿಲ್ಲ ಎಂಬುದೂ ನಿಜ.

ನಿಲುಗಡೆ ಜಾಗದ ಪುರಾವೆ ಇಲ್ಲದೆ ಹೊಸ ವಾಹನ ನೋಂದಾಯಿಸುವುದಿಲ್ಲ ಎಂದು ಮಹಾರಾಷ್ಟ್ರದ ಸಾರಿಗೆ ಸಚಿವ ಪ್ರತಾಪ್ ಸರನಾಯಕ್ 2025ರ ಮೇ ತಿಂಗಳಲ್ಲಿ ಪ್ರಕಟಿಸಿದರು. ಜಪಾನ್ 1962ರಲ್ಲೇ ಇಂಥ ಕಾನೂನು ಮಾಡಿತ್ತು. ಉದ್ದೇಶ ಒಳ್ಳೆಯದು. ಆದರೆ ಈಗಾಗಲೇ ಬೀದಿಯಲ್ಲಿರುವ ಗಾಡಿಗಳಿಗೆ, ನಮ್ಮಂತೆ ಊರಿನಿಂದ ತಂದ ಗಾಡಿಗಳಿಗೆ ಅದು ತಟ್ಟುವುದಿಲ್ಲ. ಇಲ್ಲೇ ಹೊಸ ಗಾಡಿ ಕೊಳ್ಳುವ ಬಾಡಿಗೆದಾರ ಮಾತ್ರ ಮನೆ ಮಾಲೀಕರ ಮುಂದೆ ಪತ್ರಕ್ಕಾಗಿ ನಿಲ್ಲಬೇಕಾದೀತು.

ಪರಿಹಾರಕ್ಕೆ ದೂರ ಹೋಗಬೇಕಿಲ್ಲ. ಪುಣೆಯ ಎಷ್ಟೋ ರಸ್ತೆಗಳಲ್ಲಿ ಪಿ1, ಪಿ2 ಫಲಕಗಳಿವೆ: ಸಮ ತಾರೀಖಿಗೆ ಒಂದು ಬದಿ, ಬೆಸ ತಾರೀಖಿಗೆ ಇನ್ನೊಂದು. ತಪ್ಪಿದರೆ ಟೋಯಿಂಗ್ ಗಾಡಿ ಬರುತ್ತದೆ. ಬೈಗುಳ ಪೊಲೀಸರಿಗೆ ಬೀಳುತ್ತದೆ, ಪಕ್ಕದ ಮನೆಯವರಿಗಲ್ಲ. ಅದೇ ಸ್ಪಷ್ಟತೆ ವಸತಿ ಬೀದಿಗೂ ಬರಬೇಕು. ಗೇಟುಗಳನ್ನೂ ಪಾದಚಾರಿ ಮಾರ್ಗವನ್ನೂ ಬಿಟ್ಟು ಗೆರೆ ಬಳಿಯಲಿ. ಅಲ್ಪ ಶುಲ್ಕಕ್ಕೆ ಪರ್ಮಿಟ್ ಕೊಡಲಿ. ಎರಡನೇ ಕಾರಿಗೆ ಹೆಚ್ಚು ತೆಗೆದುಕೊಳ್ಳಲಿ. ಪರ್ಮಿಟ್ ಮಾಲೀಕತ್ವ ನೋಡಿ ಅಲ್ಲ, ವಾಸ ನೋಡಿ ಕೊಡಬೇಕು. ಮಹಾರಾಷ್ಟ್ರದಲ್ಲಿ ಲೀವ್ ಅಂಡ್ ಲೈಸೆನ್ಸ್ ಕರಾರಿನ ನೋಂದಣಿ ಹೇಗೂ ಕಡ್ಡಾಯ. ವಾಸದ ಪುರಾವೆಗೆ ಅದೇ ಸಾಕು.

ಅಲ್ಲಿಯವರೆಗೆ ನಾವು ಮಾಡಬಹುದಾದ್ದೂ ಇದೆ. ಮನೆ ಹಿಡಿಯುವಾಗಲೇ ಪಾರ್ಕಿಂಗ್ ಎಲ್ಲಿ ಎಂಬುದನ್ನು ಕರಾರಿನಲ್ಲಿ ಬರೆಸಿಕೊಳ್ಳಿ. 12 ತಿಂಗಳಿಗಿಂತ ಹೆಚ್ಚು ಕಾಲ ಇರುವುದಾದರೆ ಕೆಎ ಸಂಖ್ಯೆ ಬದಲಿಸಿ ಇಲ್ಲಿನ ನೋಂದಣಿ ಪಡೆಯಬೇಕೆಂಬುದು ಮೋಟಾರು ವಾಹನ ಕಾಯ್ದೆಯ ನಿಯಮ. ಅದನ್ನು ಪಾಲಿಸಿದರೆ ‘ಹೊರಗಿನವರು’ ಎಂಬ ಒಂದು ನೆಪವಾದರೂ ತಪ್ಪುತ್ತದೆ. ರಾತ್ರಿ ಹೊತ್ತು ಕೆಳಗಿಳಿದು ವಾದಕ್ಕೆ ನಿಲ್ಲಬೇಡಿ. ಫೋಟೊ ತೆಗೆದು ಸಂಚಾರ ಪೊಲೀಸರಿಗೆ ದೂರು ಕೊಡಿ.

ಕಳೆದ ದೀಪಾವಳಿಗೆ ಧಾರವಾಡಕ್ಕೆ ಹೋದಾಗ ನಮ್ಮ ಮನೆಯ ಮುಂದಿನ ರಸ್ತೆಯಲ್ಲಿ ಎರಡು ದೊಡ್ಡ ಸಿಮೆಂಟ್ ಕುಂಡಗಳಿದ್ದವು. ಪಕ್ಕದ ಪಿ.ಜಿ. ಹುಡುಗರು ಬೈಕ್ ನಿಲ್ಲಿಸದಿರಲಿ ಎಂದು ಅಪ್ಪ ಇಟ್ಟಿದ್ದರು. ‘ರಸ್ತೆ ನಮ್ಮದಲ್ಲಲ್ಲಪ್ಪ’ ಎಂದೆ. ‘ನಮ್ಮ ಮನಿ ಮುಂದಿನ ಜಾಗಾ ಅಲ್ಲೇನು? ಆ ಹುಡುಗ್ರು ಇವತ್ತ ಇರ್ತಾರ, ನಾಳೆ ಹೋಗ್ತಾರ’ ಎಂದರು. ಕೊಥ್ರೂಡ್‌ನ ಕಾಕಾ ಹೇಳಿದ್ದೂ ಅದನ್ನೇ. ಹಬ್ಬ ಮುಗಿಸಿ ಹೊರಡುವ ಮುಂಚೆ ಅಪ್ಪನನ್ನು ಒಪ್ಪಿಸಿ ಎರಡೂ ಕುಂಡಗಳನ್ನು ಕಾಂಪೌಂಡಿನ ಒಳಗಿಟ್ಟು ಬಂದೆ.