ಮೇಸ್ತ್ರಿಯ ಹೊಸ ವೇಷ

"ಮಾವ, ಆ ಕಂಪನಿಯೊಳಗೆ ನಿಮಗೆ ಗೊತ್ತಿದ್ದವರು ಯಾರಾದರೂ ಇದ್ದಾರೆಯೆ?" ಎಂದು ನನ್ನ ಸೋದರಳಿಯ ಕೇಳಿದನು. ಹಾಸನದಲ್ಲಿ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದು ಅವನಿಗೆ ಎಂಟು ತಿಂಗಳಾಗಿದ್ದಿತು. ಅಂತರ್ಜಾಲದ ಮೂಲಕ ಕಳುಹಿಸಿದ ಅರ್ಜಿಗಳು ನೂರನ್ನು ಮೀರಿದ್ದವು. ಬಂದ ಉತ್ತರಗಳು ಬೆರಳೆಣಿಕೆಯಷ್ಟು. ಅವೂ ಯಂತ್ರವೇ ಬರೆದ ವಂದನಾಪತ್ರಗಳು.

ಅವನ ಪ್ರಶ್ನೆ ಹೊಸದೇನಲ್ಲ. ಮುಂಬಯಿಯ ಹತ್ತಿ ಗಿರಣಿಗಳಲ್ಲಿ ಕೆಲಸ ಬೇಕಾದವನು ಮೊದಲು ಜಾಬರನ ಕೃಪೆಗೆ ಪಾತ್ರನಾಗಬೇಕಾಗಿದ್ದಿತು. ಜಾಬರನೆಂದರೆ ಮೇಸ್ತ್ರಿ. ತನ್ನ ಊರಿನವರನ್ನು, ತನ್ನ ಬಳಗದವರನ್ನು ಅವನು ಒಳಗೆ ಸೇರಿಸುತ್ತಿದ್ದನು. ಕೆಲಸ ಕೊಡಿಸಿದ್ದಕ್ಕೆ ಕೂಲಿಯವನಿಂದಲೇ ದಸ್ತೂರಿ ವಸೂಲು ಮಾಡುತ್ತಿದ್ದನು. ನಮ್ಮ ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಿಗೂ ಮುಂಗಡ ಹಣ ಪಡೆದು ಆಳುಗಳನ್ನು ಕರೆತರುತ್ತಿದ್ದವನು ಮೇಸ್ತ್ರಿಯೇ. 1931ರಲ್ಲಿ ರಾಯಲ್ ಕಾರ್ಮಿಕ ಆಯೋಗವು, ನೇಮಿಸುವ ಅಧಿಕಾರವನ್ನು ಜಾಬರನ ಕೈಯಿಂದ ತೆಗೆದು ಕಾರ್ಮಿಕ ಅಧಿಕಾರಿಗೆ ಒಪ್ಪಿಸಬೇಕೆಂದು ಸಲಹೆಯಿತ್ತಿತು. ಸ್ವಾತಂತ್ರ್ಯಾನಂತರ, 1959ರ ಕಾನೂನು, ಸರ್ಕಾರಿ ವಲಯದ ಸಂಸ್ಥೆಗಳೂ 25 ಮಂದಿಗೆ ಕಡಿಮೆಯಿಲ್ಲದ ಖಾಸಗಿ ಸಂಸ್ಥೆಗಳೂ ತಮ್ಮಲ್ಲಿ ಖಾಲಿಯಾದ ಸ್ಥಾನಗಳನ್ನು ಉದ್ಯೋಗ ವಿನಿಮಯ ಕಚೇರಿಗೆ ತಿಳಿಸಬೇಕೆಂದು ವಿಧಿಸಿತು. ಅಲ್ಲಿಂದಲೇ ಆರಿಸಬೇಕೆಂದು ಮಾತ್ರ ಹೇಳಲಿಲ್ಲ. ಆ ಕಚೇರಿಯಲ್ಲಿ ಹೆಸರು ಬರೆಯಿಸಿ ವರುಷಗಟ್ಟಲೆ ಕಾದವರನ್ನು ನಾನು ಬಲ್ಲೆನು. ಅದನ್ನು ಹೊಗಳಲು ಹೊರಟಿಲ್ಲ. ಆದರೂ ಕೆಲಸ ಖಾಲಿಯಿದೆಯೆಂಬ ಸುದ್ದಿ ಎಲ್ಲರ ಸೊತ್ತೆಂಬ ಭಾವನೆಯಾದರೂ ಅದರಲ್ಲಿದ್ದಿತು.

ಇಂದು ಕಂಪನಿಗಳು ತಮ್ಮ ನೌಕರರಿಗೇ, "ನಿಮ್ಮ ಪರಿಚಯದವರನ್ನು ಸೂಚಿಸಿರಿ, ಅವರು ಸೇರಿದರೆ ನಿಮಗೆ ಬಹುಮಾನ" ಎನ್ನುತ್ತವೆ. ಇದಕ್ಕೆ ರೆಫರಲ್ ಎಂದು ಹೆಸರು. ಮಾಲೀಕರ ವಾದದಲ್ಲಿ ತಿರುಳಿಲ್ಲದಿಲ್ಲ: ಖರ್ಚು ಕಡಿಮೆ, ಬಂದವನ ಗುಣ ಬಲ್ಲವರು ಒಳಗಿದ್ದಾರೆ. ಮೇಸ್ತ್ರಿಯ ದಸ್ತೂರಿಯನ್ನು ಬಡವನು ತೆರುತ್ತಿದ್ದನು, ಈಗಿನದನ್ನು ಕಂಪನಿಯೇ ತೆರುತ್ತದೆ. ಇದು ಸಣ್ಣ ವ್ಯತ್ಯಾಸವಲ್ಲ. ಆದರೆ ಸೂಚಿಸುವವನು ಸೂಚಿಸುವುದು ಯಾರನ್ನು? ತನ್ನ ಕಾಲೇಜಿನವನನ್ನು, ತನ್ನ ಬಡಾವಣೆಯವನನ್ನು. ಮನೆತನದಲ್ಲಿ ಮೊದಲ ಬಾರಿಗೆ ಪದವಿ ಪಡೆದವನಿಗೆ ಆ ಕಟ್ಟಡದೊಳಗೆ ನೆಂಟನೆಲ್ಲಿಂದ ಬರಬೇಕು? ಕ್ಯಾಂಪಸ್ ನೇಮಕವೂ ಹೆಸರಾಂತ ಕಾಲೇಜುಗಳ ಗೇಟಿನೊಳಗೇ ಹೆಚ್ಚು ನಡೆಯುತ್ತದೆ.

ಯಂತ್ರಕ್ಕೆ ಪಕ್ಷಪಾತವಿಲ್ಲವೆಂದು ನಂಬುವವರುಂಟು. ಅಮೆಜಾನ್ ಕಂಪನಿ ಅರ್ಜಿಗಳನ್ನು ತೂಗಲು ಒಂದು ಗಣಕ ವಿಧಾನವನ್ನು ರಚಿಸಿದ್ದಿತು. ಹಿಂದಿನ ಹತ್ತು ವರ್ಷಗಳ ಅರ್ಜಿಗಳಿಂದ ಅದು ಪಾಠ ಕಲಿಯಿತು. ಅವುಗಳಲ್ಲಿ ಹೆಚ್ಚಿನವು ಗಂಡಸರವು. ಆದುದರಿಂದ ಅದು ಹೆಂಗಸರ ಅರ್ಜಿಗಳಿಗೆ ಅಂಕ ಕಡಿಮೆ ಮಾಡತೊಡಗಿತು. ಕಂಪನಿ ಅದನ್ನು ಕೈಬಿಟ್ಟ ಸಂಗತಿ 2018ರಲ್ಲಿ ಬಯಲಾಯಿತು. ಮೇಸ್ತ್ರಿಯಾದರೋ ಕಣ್ಣಿಗೆ ಕಾಣುತ್ತಿದ್ದನು, ಬೈಯಲಾದರೂ ಆಗುತ್ತಿದ್ದಿತು!

ಖಾಲಿ ಸ್ಥಾನವನ್ನು ಮೊದಲು ಬಹಿರಂಗವಾಗಿ ಸಾರಲಿ; ಸೂಚಿತನಾದವನೂ ಉಳಿದವರೊಡನೆ ಅದೇ ಸಾಲಿನಲ್ಲಿ ನಿಲ್ಲಲಿ; ತಿರಸ್ಕೃತನಾದವನಿಗೆ ಕಾರಣವನ್ನು ತಿಳಿಸಲಿ. ಖಾಸಗಿ ಹಣವೆಂಬ ಮಾತ್ರಕ್ಕೆ ಇಷ್ಟು ಕೇಳುವುದು ಅತಿಯೆಂದು ನನಗೆ ತೋರುವುದಿಲ್ಲ.

ಸೋದರಳಿಯನ ಹಳೆಯ ಸಹಪಾಠಿಯೊಬ್ಬನು ಅದೇ ಕಂಪನಿಯಲ್ಲಿರುವುದು ಆಮೇಲೆ ತಿಳಿಯಿತು. ಆತನು ಇವನ ಹೆಸರನ್ನು ಸೂಚಿಸಿದ ಐದನೆಯ ದಿನ ಸಂದರ್ಶನಕ್ಕೆ ಕರೆ ಬಂದಿತು. ಹಿಂದೆ ಎರಡು ಬಾರಿ ಅಲ್ಲಿಗೇ ಕಳುಹಿಸಿದ್ದ ಬಯೋಡೇಟಾ, ಒಂದಕ್ಷರವನ್ನೂ ಬದಲಿಸಿರಲಿಲ್ಲ.