ಮೊದಲ ಶಸ್ತ್ರಚಿಕಿತ್ಸೆ ಎಲ್ಲೆಂದರಲ್ಲಿ ಬೇಡ

ಹುಟ್ಟುವ 30ರಿಂದ 50 ಸಾವಿರ ಮಕ್ಕಳಲ್ಲಿ ಒಂದು ಮಗುವಿನ ಮೂತ್ರಕೋಶ ಹೊಟ್ಟೆಯ ಮೇಲೆ ತೆರೆದುಕೊಂಡೇ ಇರುತ್ತದೆ. ಹೊಕ್ಕುಳ ಕೆಳಗೆ ಹೊಟ್ಟೆಯ ಗೋಡೆ ಕೂಡಿರುವುದಿಲ್ಲ, ಸೊಂಟದ ಮುಂಭಾಗದ ಮೂಳೆಗಳು ದೂರ ಸರಿದಿರುತ್ತವೆ, ಮೂತ್ರಕೋಶದ ಕೆಂಪು ಒಳಪದರ ಹೊರಗೇ ಕಾಣುತ್ತದೆ. ಮೂತ್ರ ಒಂದೇ ಸಮನೆ ಒಸರುತ್ತಿರುತ್ತದೆ. ವೈದ್ಯರು ‘ಬ್ಲ್ಯಾಡರ್ ಎಕ್ಸ್‌ಟ್ರೋಫಿ’ ಎಂದು ಕರೆಯುವ ಈ ದೋಷ ಗಂಡುಮಕ್ಕಳಲ್ಲಿ ಹೆಚ್ಚು. ತಕ್ಷಣ ಜೀವ ತೆಗೆಯುವಂಥದ್ದಲ್ಲವಾದ್ದರಿಂದ ಆರೋಗ್ಯ ಇಲಾಖೆಯ ಯಾವ ಅಂಕಿಪಟ್ಟಿಯಲ್ಲೂ ಇದು ಎದ್ದು ಕಾಣುವುದಿಲ್ಲ. ಆದರೆ ಸರಿಯಾಗಿ ಚಿಕಿತ್ಸೆಯಾಗದ ಮಗು ಸದಾ ಒದ್ದೆ ಬಟ್ಟೆಯಲ್ಲಿ, ವಾಸನೆಯ ಅವಮಾನದಲ್ಲಿ ಬೆಳೆಯಬೇಕಾಗುತ್ತದೆ. ಶಾಲೆ ತಪ್ಪುತ್ತದೆ, ಕಿಡ್ನಿಗೂ ಧಕ್ಕೆಯಾಗಬಹುದು. ಕರ್ನಾಟಕದಲ್ಲಿ ವರ್ಷಕ್ಕೆ ಹತ್ತು ಲಕ್ಷದ ಆಸುಪಾಸು ಮಕ್ಕಳು ಹುಟ್ಟುತ್ತಾರೆ ಎಂದಿಟ್ಟುಕೊಂಡರೆ ಇಂಥ ಮಕ್ಕಳು ಸುಮಾರು 20ರಿಂದ 30. ಇವರೆಲ್ಲರ ಮೊದಲ ಶಸ್ತ್ರಚಿಕಿತ್ಸೆ ಸರ್ಕಾರ ಹೆಸರಿಸಿದ ಒಂದೆರಡು ಆಸ್ಪತ್ರೆಗಳಲ್ಲಿ ಮಾತ್ರ ನಡೆಯಬೇಕು ಎಂಬುದು ಈ ಲೇಖನದ ವಾದ.

ಮೊದಲ ಶಸ್ತ್ರಚಿಕಿತ್ಸೆಗೇ ಇಷ್ಟು ಒತ್ತು ಯಾಕೆಂದರೆ, ಇಲ್ಲಿ ಎರಡನೆಯ ಅವಕಾಶ ಮೊದಲನೆಯದಕ್ಕೆ ಸಮನಲ್ಲ. ಮೂತ್ರಕೋಶವನ್ನು ಮುಚ್ಚಿ ಸೊಂಟದೊಳಗೆ ಆಳಕ್ಕೆ ಇಳಿಸಬೇಕು, ಅಗತ್ಯವಿದ್ದರೆ ಸೊಂಟದ ಮೂಳೆಯನ್ನು ಕತ್ತರಿಸಿ ಮುಂದಕ್ಕೆ ಕೂಡಿಸಬೇಕು, ಮೂತ್ರನಾಳವನ್ನೂ ಜನನಾಂಗವನ್ನೂ ರೂಪಿಸಬೇಕು. ಆಮೇಲೆ ಹಲವು ವಾರ ಮಗುವಿನ ಕಾಲುಗಳು ಪ್ಲಾಸ್ಟರ್‌ನಲ್ಲೋ ಟ್ರ್ಯಾಕ್ಷನ್‌ನಲ್ಲೋ ಅಲ್ಲಾಡದಂತಿರಬೇಕು. ಕಿಡ್ನಿಯಿಂದ ಬರುವ ಸಣ್ಣ ಕೊಳವೆ ಕಟ್ಟಿಕೊಂಡಿತೇ, ಜಾರಿತೇ ಎಂದು ರಾತ್ರಿಪಾಳಿಯ ನರ್ಸ್ ಗಂಟೆಗಂಟೆಗೂ ನೋಡಬೇಕು. ಇದರಲ್ಲಿ ಎಲ್ಲೇ ಎಡವಿದರೂ ಹೊಲಿಗೆ ಬಿಟ್ಟುಕೊಂಡು ಮೂತ್ರಕೋಶ ಮತ್ತೆ ಹೊರಬರುತ್ತದೆ. ಹಾಗೆ ಒಮ್ಮೆ ವಿಫಲವಾದ ಮಗು ಮುಂದೆ ತಾನಾಗಿ ಮೂತ್ರ ಹಿಡಿದಿಟ್ಟುಕೊಳ್ಳುವ ಸಾಧ್ಯತೆ ಗಣನೀಯವಾಗಿ ಕುಗ್ಗುತ್ತದೆ. ಆಗ ಉಳಿಯುವ ದಾರಿ, ಕರುಳಿನ ತುಂಡಿನಿಂದ ಮೂತ್ರಕೋಶವನ್ನು ಹಿಗ್ಗಿಸುವುದು ಮತ್ತು ಫ್ರಾನ್ಸ್‌ನ ಪಾಲ್ ಮಿತ್ರೋಫನಾಫ್ 1980ರಲ್ಲಿ ತೋರಿಸಿಕೊಟ್ಟಂತೆ ಅಪೆಂಡಿಕ್ಸನ್ನೇ ಕೊಳವೆಯಾಗಿಸಿ, ಮೂರು ನಾಲ್ಕು ಗಂಟೆಗೊಮ್ಮೆ ಕ್ಯಾತಿಟರ್ ಹಾಕಿ ಮೂತ್ರ ತೆಗೆಯುವುದು. ಇದು ಬದುಕನ್ನು ಎಷ್ಟೋ ಹಸನಾಗಿಸುವ ಉಪಾಯ, ನಿಜ. ಆದರೆ ಕರುಳಿನ ಲೋಳೆಯನ್ನು ತೊಳೆಯುತ್ತಲೇ ಇರಬೇಕು, ಮೂತ್ರಕೋಶದಲ್ಲಿ ಕಲ್ಲು ಕಟ್ಟುವ ಭಯ ಜೀವನಪೂರ್ತಿ.

ಇಂಗ್ಲೆಂಡ್‌ನಲ್ಲಿ ವರ್ಷಕ್ಕೆ ಹುಟ್ಟುವ ಮಕ್ಕಳ ಸಂಖ್ಯೆ ಕರ್ನಾಟಕಕ್ಕಿಂತ ಕಡಿಮೆ. ತಜ್ಞರ ಕೊರತೆಯೂ ಅಲ್ಲಿಲ್ಲ. ಆದರೂ ಈ ದೋಷದ ಚಿಕಿತ್ಸೆ ಎರಡೇ ಆಸ್ಪತ್ರೆಗಳಿಗೆ ಮೀಸಲು: ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮತ್ತು ಮ್ಯಾಂಚೆಸ್ಟರ್‌ನ ರಾಯಲ್ ಮಕ್ಕಳ ಆಸ್ಪತ್ರೆ. ಅಮೆರಿಕದಲ್ಲಿ ಬಾಸ್ಟನ್, ಫಿಲಡೆಲ್ಫಿಯಾ ಮತ್ತು ವಿಸ್ಕಾನ್ಸಿನ್‌ನ ಮಕ್ಕಳ ಆಸ್ಪತ್ರೆಗಳು 2013ರಲ್ಲಿ ಕೈಜೋಡಿಸಿದವು. ಒಬ್ಬರ ಶಸ್ತ್ರಚಿಕಿತ್ಸೆಗೆ ಇನ್ನೊಬ್ಬರು ಹಾಜರಿದ್ದು, ವಿಡಿಯೊ ನೋಡಿ ತಪ್ಪು ಒಪ್ಪು ಚರ್ಚಿಸುವ ಪದ್ಧತಿ ಅವರದು. ಹೆಸರಾಂತ ತಜ್ಞರೇ ಒಂಟಿಯಾಗಿ ಮಾಡಲು ಹಿಂಜರಿಯುವ ಕೆಲಸವನ್ನು, ಐದು ವರ್ಷಕ್ಕೊಮ್ಮೆ ಇಂಥ ಮಗುವನ್ನು ನೋಡುವ ಸರ್ಜನ್ ಮಾಡಲಿ ಎಂದು ಬಿಡುವುದು ಮಗುವಿಗೂ ಅನ್ಯಾಯ, ಆ ಸರ್ಜನ್‌ಗೂ ಅನ್ಯಾಯ.

ಹುಟ್ಟಿದ ಮೂರು ದಿನದೊಳಗೆ ಮುಚ್ಚಲೇಬೇಕಲ್ಲವೇ, ಬೀದರಿನಿಂದಲೋ ರಾಯಚೂರಿನಿಂದಲೋ ಅಷ್ಟರಲ್ಲಿ ಬರಲು ಸಾಧ್ಯವೇ ಎಂಬ ಆಕ್ಷೇಪ ಸಹಜ. ಆ ಅವಸರಕ್ಕೆ ಒಂದು ಕಾರಣವಿತ್ತು: ಮೊದಲ ದಿನಗಳಲ್ಲಿ ಸೊಂಟದ ಮೂಳೆಗಳು ಮೆತ್ತಗಿದ್ದು ಕತ್ತರಿಸದೆಯೇ ಕೂಡಿಸಬಹುದು. ಆದರೆ ಈಗ ಎರಡು ಮೂರು ತಿಂಗಳು ಕಾದು, ಸಿದ್ಧವಾದ ತಂಡದಿಂದ ಮಾಡಿಸುವುದನ್ನೇ ಅನೇಕ ಕೇಂದ್ರಗಳು ಆರಿಸಿಕೊಂಡಿವೆ. ಕಾಯುವಾಗ ಬೇಕಾದದ್ದು ಸರಳ ಆರೈಕೆ. ಹೊಕ್ಕುಳಬಳ್ಳಿಗೆ ಪ್ಲಾಸ್ಟಿಕ್ ಕ್ಲಿಪ್ ಹಾಕುವುದು ಹೆರಿಗೆ ಕೋಣೆಯ ರೂಢಿ. ಈ ಮಗುವಿಗೆ ಅದು ಕೂಡದು, ಕ್ಲಿಪ್ಪಿನ ಅಂಚು ಒಳಪದರಕ್ಕೆ ಉಜ್ಜಿ ಗಾಯ ಮಾಡುತ್ತದೆ. ದಾರದಿಂದ ಕಟ್ಟಬೇಕು. ಒಣ ಗಾಜ್ ಇಟ್ಟರೆ ಅಂಟಿಕೊಳ್ಳುತ್ತದೆ, ತೆಗೆಯುವಾಗ ಪದರ ಕಿತ್ತುಬರುತ್ತದೆ. ಬದಲಿಗೆ ಸಲೈನ್‌ನಿಂದ ತೊಳೆದು ಅಂಟದ ತೆಳು ಪ್ಲಾಸ್ಟಿಕ್ ಹಾಳೆ ಮುಚ್ಚಿ, ಡಯಪರ್ ಬದಲಿಸಿದಾಗಲೆಲ್ಲ ಹೊಸದನ್ನು ಹಾಕಬೇಕು. ತಾಲ್ಲೂಕು ಆಸ್ಪತ್ರೆಯ ನರ್ಸ್ ಇದನ್ನು ತಾಯಿಗೆ ಕಲಿಸಿ ಕಳಿಸಬಲ್ಲರು. ಜಿಲ್ಲಾ ಮಟ್ಟದ ನಿಜವಾದ ಹೊಣೆ ಇದು, ಸಣ್ಣ ಹೊಣೆಯೇನಲ್ಲ.

ಬಡವರ ಆಕ್ಷೇಪ ಇದಕ್ಕಿಂತ ಭಾರವಾದದ್ದು. ವಿಮೆ ಯೋಜನೆಯಿಂದ ಶಸ್ತ್ರಚಿಕಿತ್ಸೆಯ ಬಿಲ್ ತುಂಬಬಹುದು. ತಿಂಗಳುಗಟ್ಟಲೆ ಕೂಲಿ ಬಿಟ್ಟು ಬೆಂಗಳೂರಿನಲ್ಲಿ ಉಳಿಯುವ ತಂದೆತಾಯಿಯ ಊಟ, ವಸತಿ, ಬಸ್ ಚಾರ್ಜನ್ನು ಯಾರು ತುಂಬುತ್ತಾರೆ? ಇದಕ್ಕೆ ಉತ್ತರವಿಲ್ಲದೆ ಕೇಂದ್ರೀಕರಣ ಮಾಡಿದರೆ ಬಡ ಮಗು ಚಿಕಿತ್ಸೆಯಿಂದಲೇ ಹೊರಗುಳಿಯುತ್ತದೆ. ಹಾಗಾಗಿ ಪ್ರಯಾಣ, ವಸತಿ ಮತ್ತು ದಿನಗೂಲಿ ಪರಿಹಾರ ಚಿಕಿತ್ಸಾ ಪ್ಯಾಕೇಜಿನ ಭಾಗವೇ ಆಗಬೇಕು. ವರ್ಷಕ್ಕೆ 30 ಕುಟುಂಬಗಳಿಗೆ ಇದನ್ನು ಕೊಡುವುದು ರಾಜ್ಯದ ಬೊಕ್ಕಸಕ್ಕೆ ಹೊರೆಯಲ್ಲ. ಕಿಡ್ನಿಯ ಅಲ್ಟ್ರಾಸೌಂಡ್, ಮೂತ್ರ ಪರೀಕ್ಷೆಯಂಥ ವರ್ಷಾನುಗಟ್ಟಲೆಯ ತಪಾಸಣೆ ಜಿಲ್ಲೆಯಲ್ಲೇ ನಡೆಯಲಿ, ವರದಿ ಕೇಂದ್ರಕ್ಕೆ ಹೋಗಲಿ.

ಇಷ್ಟು ಅಪರೂಪದ ದೋಷಕ್ಕೆ ಇಷ್ಟೆಲ್ಲ ಯಾಕೆ ಎನ್ನುವವರೂ ಇದ್ದಾರೆ. ಆದರೆ ಇದಕ್ಕಾಗಿ ತರಬೇತಾದ ತಂಡ ಸುಮ್ಮನೆ ಕೂರುವುದಿಲ್ಲ. ಮೂತ್ರನಾಳದಲ್ಲಿ ಕವಾಟ ಅಡ್ಡವಿರುವ ಗಂಡುಮಕ್ಕಳು, ಬೆನ್ನುಹುರಿಯ ದೋಷದಿಂದ ಮೂತ್ರದ ಹಿಡಿತ ಕಳೆದುಕೊಂಡವರು, ಎಲ್ಲರಿಗೂ ಅದೇ ಕೈಗಳು, ಅದೇ ನರ್ಸ್‌ಗಳು ಬೇಕು. ನಮ್ಮ ದೇಶದಲ್ಲಿ ಇದು ಆಗದ ಮಾತೂ ಅಲ್ಲ. ಅಹಮದಾಬಾದಿನ ಸಿವಿಲ್ ಆಸ್ಪತ್ರೆ ಎಂಬ ಸರ್ಕಾರಿ ಆಸ್ಪತ್ರೆಯಲ್ಲಿ 2009ರಿಂದ ವಿದೇಶಿ ತಜ್ಞರೂ ಅಲ್ಲಿನ ವೈದ್ಯರೂ ಸೇರಿ ಈ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತ ಬಂದಿದ್ದಾರೆ. ಅತಿಥಿಗಳು ವಾಪಸಾದ ಮೇಲೂ ಮಕ್ಕಳನ್ನು ನೋಡಿಕೊಳ್ಳುವವರು ಸ್ಥಳೀಯ ವೈದ್ಯರು ಎಂಬುದೇ ಅದರ ಬಲ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಸೀಳುತುಟಿ, ಹೃದಯದೋಷ, ತಿರುಚಿದ ಪಾದ ಸೇರಿ ಒಂಬತ್ತು ಜನ್ಮದೋಷಗಳನ್ನು ಪಟ್ಟಿ ಮಾಡಿತು. ಮೂತ್ರಾಂಗದ ದೋಷ ಅದರಲ್ಲಿ ಒಂದೂ ಇರಲಿಲ್ಲ. ರಾಜ್ಯ ಸರ್ಕಾರ ತನ್ನ ಮಟ್ಟದಲ್ಲಿ ಇದನ್ನು ಸೇರಿಸಲಿ, ಎರಡು ಆಸ್ಪತ್ರೆಗಳನ್ನು ಆದೇಶದ ಮೂಲಕ ಹೆಸರಿಸಲಿ, ಪ್ರತಿ ಮಗುವಿನ ಫಲಿತಾಂಶವನ್ನು ದಾಖಲಿಸಿ ಪ್ರಕಟಿಸಲಿ. ಇದಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಕಾನೂನೂ ಬೇಡ.