ಎದೆಯೊಳಗಿನ ಯಂತ್ರಕ್ಕೆ ಸರ್ವೀಸು ಎಲ್ಲಿ?

ಬೆಳಗಿನ ಜಾವ ಐದು ಗಂಟೆಯ ಬೆಂಗಳೂರು ಬಸ್ಸಿಗೆ ಕಾಯುವವರಲ್ಲಿ ನಾನಾ ಥರದವರು. ಕೋರ್ಟು ಕೆಲಸದವರು, ಚಿಕ್ಕಪೇಟೆಗೆ ಬಟ್ಟೆ ಖರೀದಿಗೆ ಹೊರಟವರು, ಇಂಟರ್‌ವ್ಯೂ ಹುಡುಗರು. ಅವರ ನಡುವೆ ಆರು ತಿಂಗಳಿಗೊಮ್ಮೆ ಒಬ್ಬ ಕಿರಾಣಿ ಅಂಗಡಿಯವರು ಹೆಂಡತಿಯೊಡನೆ ನಿಂತಿರುತ್ತಾರೆ. ವಯಸ್ಸು 58. ಕೈಯಲ್ಲಿ ಬಟ್ಟೆ ಚೀಲ, ಚೀಲದಲ್ಲಿ ದಪ್ಪನೆಯ ಫೈಲು, ಅಂಗಿ ಜೇಬಿನಲ್ಲಿ ಒಂದು ಕಾರ್ಡು. ಎಡಭುಜದ ಕೆಳಗೆ ಚರ್ಮದ ಅಡಿಯಲ್ಲಿ ಬೆಂಕಿಪೊಟ್ಟಣದಷ್ಟು ಉಬ್ಬು. ಹೆಂಡತಿಗೆ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್ಟು, ರೋಗಿಗೆ ಪೂರಾ ಚಾರ್ಜು.

ಬೆಂಗಳೂರಿನಲ್ಲಿ ಅವರಿಗಿರುವ ಕೆಲಸ ಇಪ್ಪತ್ತು ನಿಮಿಷದ್ದು. ಆ ಉಬ್ಬಿನ ಮೇಲೆ ಒಂದು ಸಾಧನ ಇಡುತ್ತಾರೆ, ಪಕ್ಕದ ಕಂಪ್ಯೂಟರಿನಲ್ಲಿ ಗೀಟು ನೋಡುತ್ತಾರೆ, ಬೇಕೆನಿಸಿದರೆ ಒಂದೆರಡು ಅಂಕಿ ಬದಲಾಯಿಸುತ್ತಾರೆ. "ಸರಿ ಇದೆ, ಹೋಗ್ಬನ್ನಿ" ಅನ್ನುತ್ತಾರೆ. ಇಪ್ಪತ್ತು ನಿಮಿಷಕ್ಕಾಗಿ ಇಡೀ ದಿನ ಅಂಗಡಿ ಬಾಗಿಲು ಹಾಕಬೇಕು. ಹೃದಯ ದುರ್ಬಲವಾಗಿರುವ ಮನುಷ್ಯ ಹೋಗಿ ಬರುವ ಹೊತ್ತಿಗೆ ಹಣ್ಣಾಗಿರುತ್ತಾನೆ.

ಇವರ ಎದೆಯಲ್ಲಿರುವುದು ಸಾದಾ ಪೇಸ್‌ಮೇಕರ್ ಅಲ್ಲ. ನಾಡಿ ತೀರಾ ನಿಧಾನವಾದವರಿಗೆ ಹಾಕುವ ಪೆಟ್ಟಿಗೆ ಬೇರೆ, ಹಾರ್ಟ್ ಫೇಲ್ಯೂರ್ ಆದವರಿಗೆ ಹಾಕುವ ಇದು ಬೇರೆ. ಹಾರ್ಟ್ ಫೇಲ್ಯೂರ್ ಅಂದೊಡನೆ ಜನ ಗಾಬರಿಬೀಳುತ್ತಾರೆ. ಅದು ಹಾರ್ಟ್ ಅಟ್ಯಾಕ್ ಅಲ್ಲ, ಹೃದಯ ನಿಂತುಹೋಗುವುದೂ ಅಲ್ಲ. ಪಂಪು ಸೋತಿದೆ ಎಂದರ್ಥ. ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಗೆ ಕಾಲು ಬಾವು, ರಾತ್ರಿ ಅಂಗಾತ ಮಲಗಿದರೆ ದಮ್ಮು. ಇಂಥವರಲ್ಲಿ ಕೆಲವರಿಗೆ ಇನ್ನೊಂದು ತೊಂದರೆಯೂ ಇರುತ್ತದೆ. ಹೃದಯದೊಳಗಿನ ಕರೆಂಟಿನ ದಾರಿ ಎಡಗಡೆ ಕಟ್ಟಿಹೋಗಿ, ಬಲಭಾಗ ಕುಗ್ಗಿದ ಮೇಲೆ ಎಡಭಾಗ ತಡವಾಗಿ ಕುಗ್ಗುತ್ತದೆ. ನೇಗಿಲಿಗೆ ಕಟ್ಟಿದ ಜೋಡೆತ್ತಿನಲ್ಲಿ ಒಂದು ಹೆಜ್ಜೆ ಇಟ್ಟ ಮೇಲೆ ಇನ್ನೊಂದು ಇಟ್ಟರೆ ಏನಾಗುತ್ತದೆ? ಸಾಲು ಸೊಟ್ಟ, ಎತ್ತು ಸುಸ್ತು. ಈ ಯಂತ್ರದಿಂದ ಸಾಮಾನ್ಯವಾಗಿ ಮೂರು ತಂತಿಗಳು ಹೃದಯಕ್ಕೆ ಹೋಗುತ್ತವೆ. ಎರಡೂ ಎತ್ತಿಗೆ ಒಂದೇ ಹೊತ್ತಿಗೆ ಚಾಟಿ ತೋರಿಸುವುದು ಅವುಗಳ ಕೆಲಸ. ಡಾಕ್ಟರುಗಳು ಇದನ್ನು ಸಿ.ಆರ್.ಟಿ. ಅನ್ನುತ್ತಾರೆ.

ಇದು ದುಡ್ಡು ಕೀಳುವ ಹೊಸ ಉಪಾಯ ಎಂದು ಕಟ್ಟೆ ಮೇಲೆ ಕೂತು ಹೇಳುವವರಿದ್ದಾರೆ. ಹಾಗಲ್ಲ. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ. ಯೂರೋಪಿನಲ್ಲಿ 813 ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 2005ರಲ್ಲಿ ಹೊರಬಂತು. ಸುಮಾರು ಎರಡೂವರೆ ವರ್ಷದಲ್ಲಿ, ಬರೀ ಔಷಧಿ ತೆಗೆದುಕೊಂಡವರಲ್ಲಿ ನೂರಕ್ಕೆ 30 ಮಂದಿ ತೀರಿಕೊಂಡಿದ್ದರು. ಔಷಧಿಯ ಜೊತೆ ಯಂತ್ರವನ್ನೂ ಹಾಕಿಸಿಕೊಂಡವರಲ್ಲಿ ನೂರಕ್ಕೆ 20. ಹಾಗೆಂದು ಕಾಲು ಬಾತವರೆಲ್ಲ ಯಂತ್ರಕ್ಕೆ ಓಡಬೇಕಾಗಿಲ್ಲ. ಇಸಿಜಿಯಲ್ಲಿ ಬಡಿತದ ಗೀಟು ಅಗಲವಾಗಿರಬೇಕು, ಪಂಪಿನ ಶಕ್ತಿ ತೀರಾ ಇಳಿದಿರಬೇಕು, ಮಾತ್ರೆಗಳನ್ನು ಸರಿಯಾಗಿ ನುಂಗಿಯೂ ಗುಣ ಕಂಡಿರಬಾರದು. ಇಷ್ಟೆಲ್ಲ ನೋಡಿ ಹಾಕಿದರೂ ಮೂವರಲ್ಲಿ ಒಬ್ಬರಿಗೆ ಹೇಳಿಕೊಳ್ಳುವಂಥ ಫಲ ಸಿಗುವುದಿಲ್ಲ. ಆ ಒಬ್ಬರ ವಿಷಯದಲ್ಲಿ ಎಷ್ಟೋ ಸಲ ದೋಷ ಯಂತ್ರದ್ದಲ್ಲ, ಹಾಕಿದ ಮೇಲಿನ ಸೆಟ್ಟಿಂಗಿನದು. ಜಿಲ್ಲೆಯ ಜನ ಗಮನಿಸಬೇಕಾದ ಸಂಗತಿ ಇದೇ.

ಮೂರು ತಂತಿಯಲ್ಲಿ ಒಂದು, ಹೃದಯದ ಎಡ ಹೊರಮೈಯ ರಕ್ತನಾಳದೊಳಗೆ ಕೂತಿರುತ್ತದೆ. ಅದರ ಹತ್ತಿರವೇ ವಪೆಯನ್ನು ಆಡಿಸುವ ನರ ಹಾದುಹೋಗುತ್ತದೆ. ಕರೆಂಟು ಆ ನರಕ್ಕೆ ತಗುಲಿದರೆ ಹೊಟ್ಟೆಯ ಮೇಲ್ಭಾಗ ಪಟಪಟ ಹಾರುತ್ತದೆ, ಬಿಕ್ಕಳಿಕೆ ಬಂದ ಹಾಗೆ. ರೋಗಿ ಗ್ಯಾಸು ಅಂದುಕೊಂಡು ಸೋಡಾ ಕುಡಿಯುತ್ತಾನೆ. ತಿಂಗಳುಗಟ್ಟಲೆ ನಿದ್ದೆಗೆಡುತ್ತಾನೆ. ಬಹಳಷ್ಟು ಸಲ ಇದಕ್ಕೆ ಕತ್ತರಿ ಬೇಡ, ಹೊಲಿಗೆ ಬೇಡ. ಹೊರಗಿನಿಂದಲೇ ಕಂಪ್ಯೂಟರಿನಲ್ಲಿ ಕರೆಂಟಿನ ದಾರಿಯನ್ನೋ ಪ್ರಮಾಣವನ್ನೋ ಬದಲಿಸಿದರೆ ಹಾರುವುದು ನಿಲ್ಲುತ್ತದೆ. ಆದರೆ ಬದಲಿಸುವವರು ಬೇಕಲ್ಲ!

ಇನ್ನೊಂದು, ಈ ಯಂತ್ರ ಆಗೊಮ್ಮೆ ಈಗೊಮ್ಮೆ ಕೆಲಸ ಮಾಡಿದರೆ ಸಾಲದು. ನೂರು ಬಡಿತದಲ್ಲಿ 98ನ್ನಾದರೂ ಅದೇ ನಡೆಸಬೇಕೆಂಬುದು ವೈದ್ಯರ ಗುರಿ. ನಡುವೆ ಹೃದಯದ ತಾಳ ತಪ್ಪಿದರೆ, ತಂತಿ ಕೂದಲೆಳೆಯಷ್ಟು ಜಾರಿದರೆ, ಆ ಲೆಕ್ಕ ಇಳಿಯುತ್ತದೆ. ಕೆಲವರಿಗೆ ಮೈಯಲ್ಲಿ ಏನೂ ಗೊತ್ತಾಗುವುದಿಲ್ಲ. ಪೆಟ್ಟಿಗೆಯ ಒಳಗಿನ ಲೆಕ್ಕದ ಪುಸ್ತಕದಲ್ಲಿ ಮಾತ್ರ ಬರೆದಿರುತ್ತದೆ. ಅದನ್ನು ಓದುವ ಪ್ರೋಗ್ರಾಮರ್ ಎಂಬ ಯಂತ್ರವಾದರೋ, ಕಂಪನಿಗೊಂದು. ಒಬ್ಬರ ಬೀಗಕ್ಕೆ ಇನ್ನೊಬ್ಬರ ಕೀಲಿ ಹತ್ತುವುದಿಲ್ಲ. ಬ್ಯಾಟರಿಯೂ ಸಾದಾ ಪೇಸ್‌ಮೇಕರ್‌ಗಿಂತ ಬೇಗ ಕರಗುತ್ತದೆ. ಆದ್ದರಿಂದಲೇ ಮೂರರಿಂದ ಆರು ತಿಂಗಳಿಗೊಮ್ಮೆ ತಪಾಸಣೆ ಆಗಬೇಕು ಎನ್ನುವುದು.

ಎದೆಯೊಳಗೆ ಪೇಸ್‌ಮೇಕರ್ ಹಾಕಿಸಿಕೊಂಡ ಜಗತ್ತಿನ ಮೊದಲನೆಯ ಮನುಷ್ಯ ಸ್ವೀಡನ್ನಿನ ಆರ್ನೆ ಲಾರ್ಸನ್. 1958ರ ಅಕ್ಟೋಬರಿನಲ್ಲಿ, ಸ್ಟಾಕ್‌ಹೋಮ್ ಬಳಿಯ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ. ಹೆಂಡತಿ ಪಟ್ಟು ಹಿಡಿದು ಡಾಕ್ಟರನ್ನೂ ಎಂಜಿನಿಯರನ್ನೂ ಒಪ್ಪಿಸಿದಳು. ಹಾಕಿದ ಮೊದಲ ಯಂತ್ರ ಕೆಲವೇ ಗಂಟೆಗಳಲ್ಲಿ ಕೆಟ್ಟಿತು! ಆದರೂ ಆ ಮನುಷ್ಯ 2001ರವರೆಗೆ, 86ನೆಯ ವಯಸ್ಸಿನವರೆಗೆ ಬದುಕಿದ. ಸತ್ತದ್ದೂ ಹೃದಯದಿಂದಲ್ಲ, ಕ್ಯಾನ್ಸರಿನಿಂದ. ನಡುವೆ 20ಕ್ಕೂ ಹೆಚ್ಚು ಯಂತ್ರ ಬದಲಾದವು. ಯಂತ್ರ ಅಷ್ಟು ಗಟ್ಟಿಯಿತ್ತು ಅಂತಲ್ಲ. ಕೆಟ್ಟಾಗಲೆಲ್ಲ ನೋಡುವವರು ಹತ್ತಿರ ಇದ್ದರು.

ನಮ್ಮ ಕಡೆ ನಡೆಯುವುದು ತಿರುಗಾ ಮುರುಗಾ. ಹಾಕಿಸುವ ದಿನ ಲಕ್ಷಗಟ್ಟಲೆ. ಹೊಲ ಮಾರಿದವರುಂಟು, ಅಂಗಡಿ ಅಡವಿಟ್ಟವರುಂಟು. 2017ರಲ್ಲಿ ಕೇಂದ್ರ ಸರ್ಕಾರ ಹೃದಯದ ಸ್ಟೆಂಟಿಗೆ ದರ ಕಟ್ಟಿತು, ಮೊಣಕಾಲಿನ ಕೀಲಿಗೂ ಕಟ್ಟಿತು. ಪೇಸ್‌ಮೇಕರ್ ಆ ಸಾಲಿಗೆ ಸೇರಲಿಲ್ಲ. ಅದಿರಲಿ. ಅಷ್ಟು ಸುರಿದವರು ಎರಡು ವರ್ಷ ತಪಾಸಣೆಗೆ ಹೋಗುತ್ತಾರೆ, ಮೂರನೆಯ ವರ್ಷ "ಆರಾಮಾಗಿದೀನಲ್ಲ, ಯಾಕೆ ಸುಮ್ನೆ" ಎಂದು ಬಿಡುತ್ತಾರೆ. ಜೊತೆಗೆ ಹೋಗಲು ಮಗನಿಗೆ ರಜೆ ಸಿಗುವುದಿಲ್ಲ. ಇದನ್ನು ರೋಗಿಯ ಉಡಾಫೆ ಎಂದು ಬೈಯುವುದು ಸುಲಭ. ಮನೆಯ ಮಿಕ್ಸಿ ಕೆಟ್ಟರೆ ಬಸ್‌ಸ್ಟ್ಯಾಂಡಿನ ಹಿಂದೆ ಸರ್ವೀಸು ಅಂಗಡಿ ಇದೆ. ಎದೆಯ ಯಂತ್ರಕ್ಕೆ ಬೆಂಗಳೂರೇ ಆಗಬೇಕು.

ಆಪರೇಷನ್ ಇದ್ದ ದಿನ ಕಂಪನಿಯ ಟೆಕ್ನಿಷಿಯನ್ ಪ್ರೋಗ್ರಾಮರ್ ಹೊತ್ತುಕೊಂಡು ಥಿಯೇಟರಿಗೇ ಬಂದು ನಿಲ್ಲುತ್ತಾನೆ. ಮಾರುವಾಗ ಕೀಲಿಗೆ ಕಾಲಿದೆ, ನೋಡುವಾಗ ಇಲ್ಲವೆಂದರೆ ಹೇಗೆ ಸ್ವಾಮಿ? ಪ್ರೋಗ್ರಾಮರ್ ಬೆಟ್ಟವಲ್ಲ, ಸೂಟ್‌ಕೇಸಿನಷ್ಟು. ಕೆಲವು ಕಂಪನಿಗಳಲ್ಲಿ ಅದು ಟ್ಯಾಬ್ಲೆಟ್ ಗಾತ್ರಕ್ಕೂ ಇಳಿದಿದೆ. ತಿಂಗಳಿಗೊಂದು ದಿನ, ಗೊತ್ತಾದ ವಾರ, ಜಿಲ್ಲಾ ಆಸ್ಪತ್ರೆಯ ಒಂದು ಕೋಣೆಯಲ್ಲಿ ಈ ಯಂತ್ರಗಳನ್ನು ತರಿಸಿ, ಒಬ್ಬ ಹೃದಯ ತಜ್ಞರನ್ನು ಕೂರಿಸಿದರೆ ಆಯಿತು. ಯೋಜನೆಯ ದುಡ್ಡಿನಲ್ಲಿ ಪೇಸ್‌ಮೇಕರ್ ಕೊಳ್ಳುವಾಗ ಸರ್ಕಾರ ಟೆಂಡರಿನಲ್ಲೇ ಒಂದು ಸಾಲು ಬರೆಯಲಿ: ಮಾಲು ಕೊಟ್ಟವರು ಜಿಲ್ಲೆಗೆ ಬಂದು ತಪಾಸಣೆ ಮಾಡಿಕೊಡತಕ್ಕದ್ದು.

ರೋಗಿಗಳು ಬೆರಳೆಣಿಕೆ, ಅವರಿಗಾಗಿ ಇಷ್ಟೆಲ್ಲ ಏಕೆ ಎಂಬ ಉತ್ತರ ಕಚೇರಿಯಿಂದ ಬರುವುದು ಖಂಡಿತ. ಸಿ.ಆರ್.ಟಿ.ಯವರನ್ನು ಮಾತ್ರ ಎಣಿಸಿದರೆ ಕಡಿಮೆ ಇರಬಹುದು. ಸಾದಾ ಪೇಸ್‌ಮೇಕರ್‌ನವರಿಗೂ ಅದೇ ಪ್ರೋಗ್ರಾಮರ್ ಬೇಕು, ಅವರನ್ನೂ ಎಣಿಸಿ. ದೂರದಿಂದಲೇ ನೋಡುವ ದಾರಿಯೂ ಇದೆ. ಹಾಸಿಗೆಯ ಪಕ್ಕ ಇಡುವ ಪೆಟ್ಟಿಗೆಯೊಂದು ಮೊಬೈಲ್ ಸಿಗ್ನಲ್ಲಿನಲ್ಲಿ ಲೆಕ್ಕ ಕಳಿಸುತ್ತದೆ. ಅದು ಓದುತ್ತದಷ್ಟೆ, ಸೆಟ್ಟಿಂಗು ಬದಲಿಸಲು ಕೈಯೇ ಬೇಕು. 2023ರಲ್ಲಿ ಸರ್ಕಾರ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡಿ ಹೇಳುವ ಏರ್ಪಾಟು ಅದು. ಹಾರ್ಟ್ ಅಟ್ಯಾಕಿಗೆ ಆದದ್ದು ಹಾರ್ಟ್ ಫೇಲ್ಯೂರಿಗೆ ಆಗಬಾರದೆ? ಜಯದೇವ ಸಂಸ್ಥೆಯೂ ಬೆಂಗಳೂರಿನಲ್ಲೇ ಕೂರದೆ ಮೈಸೂರಿಗೆ, ಕಲಬುರಗಿಗೆ ಹೋಯಿತಲ್ಲ.

ಅಲ್ಲಿಯವರೆಗೆ ಹಾಕಿಸಿಕೊಳ್ಳುವವರು ವ್ಯಾಪಾರದ ಬುದ್ಧಿ ಬಿಡಬಾರದು. ಸಹಿ ಹಾಕುವ ಮೊದಲೇ ಕೇಳಿ: ತಪಾಸಣೆ ಎಲ್ಲಿ, ಎಷ್ಟು ತಿಂಗಳಿಗೆ, ಅದಕ್ಕೆ ಬೇರೆ ಫೀಜು ಉಂಟೇ, ಬ್ಯಾಟರಿ ಮುಗಿದರೆ ಯಾರು ಕೊಡುತ್ತಾರೆ. ಕಾರ್ಡು ಸದಾ ಜೇಬಿನಲ್ಲಿರಲಿ. ಮೊಬೈಲು ಎಡ ಜೇಬಿನಲ್ಲಿ ಬೇಡ, ಯಂತ್ರದಿಂದ ಗೇಣು ದೂರ ಇರಲಿ. ಯಂತ್ರ ಬಂತೆಂದು ಮಾತ್ರೆ ಬಿಡಬೇಡಿ.

ಕಿರಾಣಿಯವರು ರಾತ್ರಿ ಒಂಬತ್ತರ ಬಸ್ಸಿಗೆ ಇಳಿದರು. ಅರ್ಧ ಷಟರ್ ಎತ್ತಿ, ಮಾರನೆಯ ದಿನದ ಹಾಲಿನ ಆರ್ಡರು ಬರೆದಿಟ್ಟರು. ಗೋಡೆಯ ಕ್ಯಾಲೆಂಡರಿನಲ್ಲಿ ಆರು ತಿಂಗಳು ಮುಂದಿನ ಹಾಳೆ ಎತ್ತಿ, ಒಂದು ಮಂಗಳವಾರಕ್ಕೆ ಪೆನ್ನಿನಿಂದ ಸುತ್ತು ಹಾಕಿದರು. ಹೆಂಡತಿ ಅಂದರು, "ಆ ವಾರ ಹಬ್ಬ ಅಲ್ವಾ?"